ಘಟ್ಟ ಇಳಿಯುವಾಗ ನ್ಯೂಟ್ರಲ್ ಯಾಕೆ ಬೇಡ: ಹಳೇ ಗಾಡಿಯ ರೂಢಿ, ಹೊಸ ಗಾಡಿಯ ಒಳಗುಟ್ಟು

ಉತ್ತರ ಕನ್ನಡದಲ್ಲಿ ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯ ದೇವಿಮನೆ ಘಟ್ಟ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ನಂಬಿದವರು ಶಿರಸಿಯಲ್ಲೂ ಕುಮಟಾದಲ್ಲೂ ಇವತ್ತಿಗೂ ಬೇಕಾದಷ್ಟು ಜನ ಸಿಗುತ್ತಾರೆ. ಅವರೇನೂ ದಡ್ಡರಲ್ಲ. ಅಂಬಾಸಿಡರ್ ಓಡಿಸಿದವರೋ, ಅಡಿಕೆ ಮೂಟೆ ಹೇರಿಕೊಂಡು ಜೀಪು ಇಳಿಸಿದವರೋ ಅವರಿಗೆ ಹಾಗೆ ಕಲಿಸಿದ್ದಾರೆ. ನಮ್ಮಲ್ಲಿ ಡ್ರೈವಿಂಗ್ ಎಂದರೆ ಪಕ್ಕದ ಸೀಟಿನಲ್ಲಿ ಕೂತು ನೋಡಿ ಕಲಿಯುವ ವಿದ್ಯೆ. ಕಲಿಸಿದವರ ಗಾಡಿ ಗುಜರಿಗೆ ಹೋಗಿ ಎಷ್ಟೋ ವರ್ಷ ಆಗಿರುತ್ತದೆ. ಅವರ ರೂಢಿ ಮಾತ್ರ ಕಲಿತವರ ಕೈಕಾಲಲ್ಲಿ ಹಾಗೇ ಉಳಿದಿರುತ್ತದೆ.

ಆ ರೂಢಿಗಳಲ್ಲಿ ಹೆಚ್ಚಿನವಕ್ಕೆ ಆಗ ಸರಿಯಾದ ಕಾರಣ ಇತ್ತು. ಕೆಲವಕ್ಕೆ ಈಗಲೂ ಇದೆ. ಇನ್ನು ಕೆಲವು ಹೊಸ ಗಾಡಿಯಲ್ಲಿ ಸುಮ್ನೆ ಅಪಾಯ ತರುತ್ತವೆ. ಯಾವುದು ಯಾವ ಸಾಲಿಗೆ ಸೇರುತ್ತದೆ ಅಂತ ಗೊತ್ತಾಗಬೇಕಾದರೆ ಬಾನೆಟ್ ಕೆಳಗೆ ಏನು ಬದಲಾಗಿದೆ ಅಂತ ನೋಡಲೇಬೇಕು.

ಪೆಟ್ರೋಲ್ ನಿಜಕ್ಕೂ ಉಳಿಯುತ್ತಿತ್ತಾ?

ಕಾರ್ಬುರೇಟರ್‌ನಲ್ಲಿ ಲೆಕ್ಕ ಹಾಕುವ ಬುದ್ಧಿ ಇರಲಿಲ್ಲ. ಎಂಜಿನ್ ಗಾಳಿ ಎಳೆಯುತ್ತದೆ. ಆ ಗಾಳಿ ಒಂದು ಕಿರಿದಾದ ಕೊಳವೆಯಲ್ಲಿ ಜೋರಾಗಿ ನುಗ್ಗುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಪಕ್ಕದ ಪುಟ್ಟ ಬಟ್ಟಲಲ್ಲಿ ನಿಂತ ಪೆಟ್ರೋಲ್ ಒಂದು ಸಣ್ಣ ತೂತಿನಿಂದ ಎದ್ದು ಗಾಳಿಯ ಜೊತೆ ಬೆರೆಯುತ್ತದೆ. ಅಷ್ಟೇ ವಿದ್ಯೆ. ಆ ತೂತನ್ನೇ ಜೆಟ್ ಅನ್ನುತ್ತಾರೆ. ಅದರ ಅಳತೆ ಫ್ಯಾಕ್ಟರಿಯಲ್ಲೇ ನಿಗದಿಯಾಗಿರುತ್ತದೆ. ಘಟ್ಟ ಇಳಿಯುವಾಗ ನೀವು ಗೇರ್‌ನಲ್ಲೇ ಇದ್ದು ಎಕ್ಸಿಲರೇಟರ್ ಪೂರ್ತಿ ಬಿಟ್ಟರೂ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಎಂಜಿನ್ ಎಳೆಯುತ್ತಲೇ ಇರುತ್ತದೆ. ಐಡಲ್ (ಎಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ತಿರುಗುವ ಸ್ಥಿತಿ) ಜೆಟ್‌ನಿಂದ ಪೆಟ್ರೋಲ್ ಬರುತ್ತಲೇ ಇರುತ್ತದೆ. ಅದರಲ್ಲಿ ಸ್ವಲ್ಪ ಸುಡದೆ ಸೈಲೆನ್ಸರ್‌ಗೆ ಹೋಗಿ ಪಟಪಟ ಸಿಡಿಯುವುದನ್ನು ಹಳೇ ಬೈಕ್ ಇಳಿಸಿದವರು ಕೇಳಿರುತ್ತಾರೆ. ಹಾಗಾಗಿ ನ್ಯೂಟ್ರಲ್‌ನಲ್ಲಿ ಎಂಜಿನ್ ನಿಧಾನಕ್ಕೆ ತಿರುಗಿದರೆ, ಅಥವಾ ಆಫ್ ಮಾಡಿಬಿಟ್ಟರೆ, ನಾಲ್ಕು ಹನಿ ಉಳಿಯುತ್ತಿದ್ದುದು ನಿಜ.

ಎರಡು ಸ್ಟ್ರೋಕ್ ಗಾಡಿಗಳ ಕಥೆ ಇನ್ನೂ ಗಟ್ಟಿ. ಯೆಜ್ದಿ, ಚೇತಕ್, ಲೂನಾಗಳಲ್ಲಿ ಎಂಜಿನ್‌ಗೆ ಬೇಕಾದ ಆಯಿಲ್ಲು ಪೆಟ್ರೋಲ್ ಜೊತೆಯೇ ಬರಬೇಕು. ಬೇರೆ ದಾರಿಯೇ ಇಲ್ಲ. ಉದ್ದ ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿ ಗೇರ್‌ನಲ್ಲೇ ಬಿಟ್ಟರೆ ಪಿಸ್ಟನ್ ಜೋರಾಗಿ ಓಡುತ್ತದೆ, ಆಯಿಲ್ ಮಾತ್ರ ಬರುವುದಿಲ್ಲ. ಪಿಸ್ಟನ್ ಬಿಗಿದು ಕೂರುವ ಭಯ ಇರುತ್ತಿತ್ತು. ಯೆಜ್ದಿಯ ಹಳೇ ಸವಾರರು ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡುತ್ತಿದ್ದುದು ಶೋಕಿಗಲ್ಲ, ಪಿಸ್ಟನ್‌ಗೆ ಒಂದು ಗುಟುಕು ಎಣ್ಣೆ ಕುಡಿಸಲಿಕ್ಕೆ. ಸ್ವೀಡನ್ನಿನ ಸಾಬ್ ಕಂಪನಿಯವರು ತಮ್ಮ ಎರಡು ಸ್ಟ್ರೋಕ್ ಕಾರುಗಳಿಗೆ ಇದೇ ಕಾರಣಕ್ಕೆ ಫ್ರೀವೀಲ್ ಕೊಟ್ಟಿದ್ದರು. ಎಕ್ಸಿಲರೇಟರ್ ಬಿಟ್ಟರೆ ಚಕ್ರಕ್ಕೂ ಎಂಜಿನ್ನಿಗೂ ಇದ್ದ ಸಂಬಂಧ ತಾನಾಗೇ ಕಡಿಯುತ್ತಿತ್ತು.

ಈಗ ಹೊಸ ಗಾಡಿಗೆ ಬನ್ನಿ. ನಮ್ಮ ದೇಶದಲ್ಲಿ 2000ದ ಆಸುಪಾಸಿನಿಂದ ಕಾರುಗಳಲ್ಲಿ ಕಾರ್ಬುರೇಟರ್ ಮರೆಯಾಗುತ್ತಾ ಬಂತು. ಹೆಚ್ಚಿನ ಬೈಕುಗಳಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬಂದ 2020ರ ಏಪ್ರಿಲ್‌ವರೆಗೂ ಉಳಿದಿತ್ತು. ಅದರ ಜಾಗಕ್ಕೆ ಬಂದಿದ್ದು ಇಂಜೆಕ್ಟರ್ ಮತ್ತು ಅದನ್ನು ಆಳುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್. ನೀವು ಗೇರ್‌ನಲ್ಲಿದ್ದೀರಿ, ಎಕ್ಸಿಲರೇಟರ್ ಬಿಟ್ಟಿದ್ದೀರಿ, ಎಂಜಿನ್ ಐಡಲ್‌ಗಿಂತ ಜೋರಾಗಿ ತಿರುಗುತ್ತಿದೆ ಎಂದು ಇಸಿಯುಗೆ ಗೊತ್ತಾದ ಕ್ಷಣ ಅದು ಇಂಜೆಕ್ಟರ್‌ಗಳನ್ನು ಪೂರ್ತಿ ಬಂದ್ ಮಾಡುತ್ತದೆ. ಆಗ ಖರ್ಚಾಗುವ ಪೆಟ್ರೋಲ್ ಸೊನ್ನೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ಅದೇ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ನೋಡಿ. ಎಂಜಿನ್ ನಿಂತುಹೋಗಬಾರದಲ್ಲ, ಹಾಗಾಗಿ ಐಡಲ್‌ಗೆ ಬೇಕಾದಷ್ಟು ಪೆಟ್ರೋಲ್ ಸುರಿಯಲೇಬೇಕು. ಸಣ್ಣ ಕಾರಿನಲ್ಲಿ ಅದು ಗಂಟೆಗೆ ಅರ್ಧದಿಂದ ಒಂದು ಲೀಟರ್. ಅಂದರೆ ಉಳಿಸಲು ಹೋದವರೇ ಖರ್ಚು ಮಾಡುತ್ತಿದ್ದಾರೆ. ಲೆಕ್ಕ ತಲೆಕೆಳಗಾಗಿದೆ.

ಎಂಜಿನ್ ಆಫ್ ಮಾಡಿ ಇಳಿಸುವವರ ವಿಷಯ ಬೇರೆಯೇ. ಹಳೇ ಜೀಪಿನಲ್ಲಿ ಬ್ರೇಕ್‌ಗೆ ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಇರಲಿಲ್ಲ. ಪೂರ್ತಿ ಕಾಲಿನ ಬಲ. ಸ್ಟೇರಿಂಗ್ ಕೂಡ ಕೈಯ ಬಲದ್ದೇ. ಎಂಜಿನ್ ಓಡಲಿ ಬಿಡಲಿ, ಪೆಡಲ್ ಒತ್ತಿದರೆ ಸಿಗುವ ಬ್ರೇಕ್ ಒಂದೇ. ಹೊಸ ಕಾರಿನಲ್ಲಿ ಎಂಜಿನ್ ನಿಂತರೆ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗ್ ಬಿಗಿಯುತ್ತದೆ. ಕೀ ಎಳೆದುಬಿಟ್ಟರೆ ಸ್ಟೇರಿಂಗ್ ಲಾಕ್ ಆಗುವ ಸಾಧ್ಯತೆ ಬೇರೆ. ಜೀಪಿನಲ್ಲಿ ಜೀವ ಉಳಿಸಿಕೊಂಡ ರೂಢಿ ಹೊಸ ಕಾರಿನಲ್ಲಿ ಉಳಿಸುವುದಿಲ್ಲ.

ಬ್ರೇಕು, ಬಿಸಿ, ಒಂದು ಹಂಡೆ ನೀರು

ಘಟ್ಟದ ಮೇಲಿನ ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾ ಸಮುದ್ರದ ಪಕ್ಕದಲ್ಲೇ ಇದೆ. ಆ ಎತ್ತರದಲ್ಲಿ ಗಾಡಿ ಕೂಡಿಟ್ಟುಕೊಂಡ ಶಕ್ತಿಯೆಲ್ಲ ಇಳಿಯುವಾಗ ಎಲ್ಲಾದರೂ ಖರ್ಚಾಗಬೇಕು. ನಾಲ್ಕು ಜನ ಕೂತ ಸಣ್ಣ ಕಾರು 1200 ಕಿಲೋ ತೂಗುತ್ತದೆ ಎಂದುಕೊಳ್ಳಿ. ಅದು ಪ್ರತಿ 100 ಮೀಟರ್ ಎತ್ತರ ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 4 ಲೀಟರ್ ತಣ್ಣೀರನ್ನು ಕುದಿಗೆ ತರಬಹುದು. 500 ಮೀಟರ್ ಇಳಿದರೆ ಬಚ್ಚಲ ಒಲೆಯ ಮೇಲೆ ಒಂದು ಸಣ್ಣ ಹಂಡೆ ನೀರು ಕುದಿಸಿದ ಹಾಗೆ. ಗಾಳಿ ಮತ್ತು ಟಯರು ಇದರಲ್ಲಿ ಒಂದು ಪಾಲು ನುಂಗುತ್ತವೆ. ಉಳಿದಿದ್ದನ್ನು ಎಂಜಿನ್ ನುಂಗಬೇಕು, ಇಲ್ಲವೇ ಬ್ರೇಕು ನುಂಗಬೇಕು. ನ್ಯೂಟ್ರಲ್‌ಗೆ ಹಾಕಿದಿರಿ ಎಂದರೆ ಎಂಜಿನ್ನನ್ನು ಈ ಕೆಲಸದಿಂದ ಬಿಡಿಸಿದಿರಿ, ಎಲ್ಲ ಭಾರ ಬ್ರೇಕಿನ ತಲೆಗೆ ಕಟ್ಟಿದಿರಿ.

ಹಳೇ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ಮಿನ ಒಳಗೆ ಎರಡು ಶೂ, ಅವು ಹೊರಕ್ಕೆ ಒತ್ತಿ ಹಿಡಿಯುತ್ತವೆ. ಇದರಲ್ಲಿ ಎರಡು ತೊಂದರೆ. ಮುಚ್ಚಿದ ಪೆಟ್ಟಿಗೆಯಾದ್ದರಿಂದ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಮತ್ತೆ, ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಹಾಗಾಗಿ ಪೆಡಲ್ ಕೆಳಗೆ ಕೆಳಗೆ ಹೋಗುತ್ತಾ ಬರುತ್ತದೆ. ಲೈನಿಂಗ್ ಕಾದು ಹಿಡಿತವೂ ಕಡಿಮೆಯಾಗುತ್ತದೆ. ಅರಬೈಲ್ ಘಟ್ಟದಲ್ಲಿ ಲೋಡ್ ಲಾರಿಗಳ ಹಿಂದೆ ಹೋದವರಿಗೆ ಆ ಸುಟ್ಟ ಕಮಟು ವಾಸನೆ ಗೊತ್ತು. ಬೇಲೆಕೇರಿ ಬಂದರಿಗೆ ಅದಿರು ಸಾಗುತ್ತಿದ್ದ ದಿನಗಳಲ್ಲಂತೂ ಮೂಗು ಮುಚ್ಚದೆ ಹೋಗುವ ಹಾಗೇ ಇರಲಿಲ್ಲ. ಮಳೆಯಲ್ಲಿ ಬದಿಗೆ ನಿಲ್ಲಿಸಿದ ಲಾರಿಯ ಡ್ರಮ್ ಮೇಲೆ ಹನಿ ಬಿದ್ದರೆ ಚುಂಯ್ ಅನ್ನುತ್ತದೆ, ಹಬೆ ಏಳುತ್ತದೆ. ಅಷ್ಟು ಬಿಸಿ.

ಡಿಸ್ಕ್ ಬ್ರೇಕ್ ಗಾಳಿಗೆ ತೆರೆದಿರುತ್ತದೆ. ಬಿಸಿಯಾಗಿ ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ. ಆದ್ದರಿಂದ ಜಾಸ್ತಿ ಹೊತ್ತು ತಾಳುತ್ತದೆ. ಆದರೆ ಅದಕ್ಕೂ ಮಿತಿ ಇದೆ. ನಮ್ಮ ಜಿಲ್ಲೆಯಲ್ಲಿ ಆ ಮಿತಿಯನ್ನು ಕೆಳಗೆ ತರುವ ಸಂಗತಿ ಒಂದಿದೆ. ಅದು ಗಾಳಿಯಲ್ಲಿನ ತೇವ.

ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಗಾಳಿಯಿಂದ ನೀರನ್ನು ಹೀರುತ್ತದೆ. ಹೊಸ ಡಾಟ್ 3 ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಅದು 140 ಡಿಗ್ರಿಗೆ ಇಳಿಯಬಹುದು. ಡಾಟ್ 4 ಆದರೆ 230ರಿಂದ 155ಕ್ಕೆ. ಘಟ್ಟದಲ್ಲಿ ಕಾದ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಕ್ಕದಲ್ಲಿ ಈ ದ್ರವ ಕುದಿದರೆ ಒಳಗೆ ಹಬೆಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಹಬೆ ಕುಗ್ಗುತ್ತದೆ. ನೀವು ಪೆಡಲ್ ಒತ್ತುತ್ತೀರಿ, ಗುಳ್ಳೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಪೆಡಲ್ ಸೀದಾ ನೆಲಕ್ಕೆ. ‘ಬ್ರೇಕ್ ಫೇಲ್’ ಎಂದು ಪೇಪರಿನಲ್ಲಿ ಬರುವ ಘಟ್ಟದ ಅಪಘಾತಗಳ ಹಿಂದೆ ಇರಬಹುದಾದ ಕಾರಣಗಳಲ್ಲಿ ಇದೂ ಒಂದು. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ ಊರು ನಮ್ಮದು. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು ಬಯಲುಸೀಮೆಯವರಿಗಿಂತ ನಮಗೆ ಹೆಚ್ಚು ಮುಖ್ಯ. ಸರ್ವಿಸ್ ಬಿಲ್ಲಿನಲ್ಲಿ ಜನ ಮೊದಲು ಬೇಡ ಅನ್ನುವುದು ಅದನ್ನೇ!

‘ಹತ್ತಿದ ಗೇರಿನಲ್ಲೇ ಇಳಿ’ ಎಂಬ ಹಳೇ ಡ್ರೈವರುಗಳ ಮಾತು ಹಾಗಾಗಿ ಇವತ್ತಿಗೂ ಚಿನ್ನ. ಎರಡನೇ ಗೇರಿನಲ್ಲಿ ಹತ್ತಿದ ತಿರುವನ್ನು ಎರಡರಲ್ಲೇ ಇಳಿಯಿರಿ. ಎಂಜಿನ್ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಸದಾ ಸವರುತ್ತಾ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ, ಆರಲು ಸಮಯ ಕೊಡಿ. ಒಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ‘ಡೀಸೆಲ್ ಎಂಜಿನ್ ಕಂಪ್ರೆಶನ್ ಜಾಸ್ತಿ, ಅದಕ್ಕೇ ಚೆನ್ನಾಗಿ ಹಿಡಿಯುತ್ತದೆ’ ಎನ್ನುತ್ತಾರೆ. ಒತ್ತಿದ ಗಾಳಿ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ, ಹಾಗಾಗಿ ಅದರಿಂದ ಸಿಗುವ ಹಿಡಿತ ಅಂದುಕೊಂಡಷ್ಟಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಮುಚ್ಚಿದ ಥ್ರಾಟಲ್ (ಗಾಳಿ ಒಳಬರುವ ದಾರಿಯ ಬಾಗಿಲು) ಎದುರು ಗಾಳಿ ಎಳೆಯುವ ಕಷ್ಟವೇ ಹಿಡಿತ ಕೊಡುತ್ತದೆ. ಹಳೇ ಡೀಸೆಲ್‌ನಲ್ಲಿ ಥ್ರಾಟಲ್ಲೇ ಇಲ್ಲ. ಜೀಪು ಚೆನ್ನಾಗಿ ಹಿಡಿಯುತ್ತಿದ್ದುದು ಮುಖ್ಯವಾಗಿ ಅದರ ತಗ್ಗು ಗೇರಿನಿಂದ.

ಆಟೋಮ್ಯಾಟಿಕ್ ಕಾರಿನವರು ಇಲ್ಲೇ ಎಡವುವುದು. ‘ಡಿ’ಯಲ್ಲಿಟ್ಟು ಇಳಿದರೆ ಹಲವು ಗಾಡಿಗಳು ಪೆಟ್ರೋಲ್ ಉಳಿಸಲೆಂದು ಎತ್ತರದ ಗೇರ್ ಹಿಡಿಯುತ್ತವೆ. ಎಂಜಿನ್ ಹಿಡಿತ ಸಿಗುವುದಿಲ್ಲ. ಲಿವರ್‌ನಲ್ಲಿ ‘ಎಲ್’, ‘ಎಸ್’ ಅಥವಾ ‘ಎಂ’ ಅಂತ ಒಂದಿರುತ್ತದೆ, ಎಷ್ಟೋ ಜನ ಕೊಂಡ ದಿನದಿಂದ ಅದನ್ನು ಮುಟ್ಟಿಯೇ ಇರುವುದಿಲ್ಲ. ಅದನ್ನು ಕೊಟ್ಟಿರುವುದೇ ರಾಗಿಹೊಸಳ್ಳಿ ದಾಟಿದ ಮೇಲಿನ ಇಂಥ ತಿರುವುಗಳಿಗೆ. ಇನ್ನೊಂದು ಮಾತು ಎಎಂಟಿ ಗಾಡಿಗಳಿಗೆ. ಅವು ಒಳಗೆ ಮಾಮೂಲಿ ಕ್ಲಚ್ ಗಾಡಿಗಳೇ, ಕ್ಲಚ್ ಒತ್ತುವ ಕೆಲಸ ಮಾತ್ರ ಮೋಟಾರಿನದು. ಏರಿನಲ್ಲಿ ಮುಂದಿನ ಬಸ್ಸು ನಿಂತಾಗ ಬ್ರೇಕ್ ಒತ್ತದೆ ಎಕ್ಸಿಲರೇಟರ್‌ನಿಂದಲೇ ಗಾಡಿ ಹಿಡಿದು ನಿಲ್ಲಿಸಿದರೆ ಕ್ಲಚ್ ಸುಡುತ್ತದೆ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇದೆ ಎಂದು ಸಾವಕಾಶ ಕೂರುವ ಹಾಗೂ ಇಲ್ಲ. ಹೆಚ್ಚಿನ ಗಾಡಿಗಳಲ್ಲಿ ಅದು ಬ್ರೇಕ್ ಬಿಟ್ಟ ಮೇಲೆ ಎರಡು ಮೂರು ಸೆಕೆಂಡ್ ಮಾತ್ರ ಹಿಡಿಯುತ್ತದೆ.

ಬ್ರೇಕ್ ಪಂಪ್ ಮಾಡುವುದು

ಒದ್ದೆ ರಸ್ತೆಯಲ್ಲಿ ಬ್ರೇಕನ್ನು ತಟ್ಟಿ ತಟ್ಟಿ ಒತ್ತಬೇಕು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಹಳೇ ಗಾಡಿಗೆ ಅದು ಸರಿಯೇ. ಚಕ್ರ ಲಾಕ್ ಆಗಿ ಜಾರಲು ಶುರುವಾದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ, ಘಟ್ಟದಲ್ಲಿ ನೇರ ಎಂದರೆ ಕಣಿವೆಗೆ. ಬ್ರೇಕ್ ಬಿಟ್ಟಾಗ ಚಕ್ರ ಮತ್ತೆ ತಿರುಗುತ್ತದೆ, ಹಿಡಿತ ವಾಪಸ್ ಬರುತ್ತದೆ.

ಎಬಿಎಸ್ ಮಾಡುವುದೂ ಇದನ್ನೇ. ಪ್ರತಿ ಚಕ್ರದಲ್ಲಿ ಒಂದು ಸೆನ್ಸರ್ ಇದ್ದು ವೇಗ ನೋಡುತ್ತಿರುತ್ತದೆ. ಒಂದು ಚಕ್ರ ಉಳಿದವುಗಳಿಗಿಂತ ದಿಢೀರನೆ ನಿಧಾನವಾದರೆ ಆ ಚಕ್ರದ ಬ್ರೇಕ್ ಒತ್ತಡ ಮಾತ್ರ ಬಿಟ್ಟು ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಯಾವ ಕಾಲಿಗೂ ಈ ವೇಗ ಸಾಧ್ಯವಿಲ್ಲ. ನಾಲ್ಕು ಚಕ್ರಕ್ಕೆ ಬೇರೆ ಬೇರೆಯಾಗಿ ಒತ್ತುವ ಕಾಲು ಯಾರಿಗೂ ಇಲ್ಲ. ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಬಾಷ್ ಕಂಪನಿ 1978ರಲ್ಲೇ ಮರ್ಸಿಡಿಸ್ ಕಾರಿಗೆ ಕೊಟ್ಟಿತ್ತು. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ 125 ಸಿಸಿ ಮೀರಿದ ಬೈಕುಗಳಿಗೂ ಕಡ್ಡಾಯವಾಗಿದ್ದು 2019ರ ಏಪ್ರಿಲ್‌ನಲ್ಲಿ.

ಎಬಿಎಸ್ ಇರುವ ಗಾಡಿಯಲ್ಲಿ ನೀವೂ ಪಂಪ್ ಮಾಡಿದರೆ ಅದರ ಕೆಲಸಕ್ಕೆ ಅಡ್ಡ ಬಂದ ಹಾಗೆ. ನಿಲ್ಲಬೇಕಾದರೆ ಗಟ್ಟಿಯಾಗಿ ಒತ್ತಿ, ಒತ್ತಿಕೊಂಡೇ ಇರಿ, ಸ್ಟೇರಿಂಗ್ ತಿರುಗಿಸಿ. ಪೆಡಲ್ ಕಾಲಡಿ ಗಡಗಡ ನಡುಗುತ್ತದೆ. ಹೆದರಿ ಕಾಲು ಎತ್ತುವವರು ಬಹಳ, ಎತ್ತಬಾರದು. ಒಂದೇ ಕಡೆ ಎಚ್ಚರ ಬೇಕು: ಯಾಣದ ಕಡೆಗೋ ಜೋಯಿಡಾದ ಒಳಗೋ ಜಲ್ಲಿ ಎದ್ದ ಮಣ್ಣು ರಸ್ತೆಯಲ್ಲಿ ಎಬಿಎಸ್ ಗಾಡಿ ನಿಲ್ಲಲು ಜಾಸ್ತಿ ದೂರ ತೆಗೆದುಕೊಳ್ಳಬಹುದು. ಲಾಕ್ ಆದ ಚಕ್ರ ಮುಂದೆ ಜಲ್ಲಿ ಗುಡ್ಡೆ ಹಾಕಿಕೊಂಡು ನಿಲ್ಲುತ್ತದೆ, ಎಬಿಎಸ್ ಅದಕ್ಕೆ ಬಿಡುವುದಿಲ್ಲ.

ಏರು

ಹತ್ತುವಾಗ ಹಳೇ ಗಾಡಿಗಳ ಪಾಡು ಬೇಡ. ಕತಗಾಲ ಕಡೆಯಿಂದ ಏಪ್ರಿಲ್ ಬಿಸಿಲಿನಲ್ಲಿ ಅಂಬಾಸಿಡರ್ ಹತ್ತಿಸಿದವರ ಕಾರಿನಲ್ಲಿ ಒಂದು ಕ್ಯಾನ್ ನೀರು ಮತ್ತು ಒಂದು ಹಳೇ ಬಟ್ಟೆ ಇರಲೇಬೇಕಿತ್ತು. ನೀರು ರೇಡಿಯೇಟರ್‌ಗೆ. ಬಟ್ಟೆ ಯಾಕೆ? ಅಂದಿನ ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿತ್ತು. ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುವುದು ಅದರ ಕೆಲಸ. ಎಳೆಯುವಾಗ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಕುದಿಯುವ ಬಿಂದುವೂ ಕಡಿಮೆ. ಕಾದ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿತ್ತು. ಪಂಪಿಗೆ ಆವಿ ಎಳೆಯಲು ಬಾರದು, ಗಾಡಿ ನಿಲ್ಲುತ್ತಿತ್ತು. ಒದ್ದೆ ಬಟ್ಟೆ ಸುತ್ತಿ ಬೀಡಿ ಹಚ್ಚಿ ಕೂತರೆ (ದೂರದಲ್ಲಿ ಕೂರುತ್ತಿದ್ದರು ಅಂತ ನಂಬೋಣ) ಸ್ವಲ್ಪ ಹೊತ್ತಿನಲ್ಲಿ ಸ್ಟಾರ್ಟ್ ಆಗುತ್ತಿತ್ತು.

ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಟ್ಯಾಂಕಿನ ಒಳಗೇ ಇದೆ. ಅಲ್ಲಿಂದ ಸುಮಾರು 3 ಬಾರ್ ಒತ್ತಡದಲ್ಲಿ ಮುಂದಕ್ಕೆ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಅಷ್ಟು ಸುಲಭಕ್ಕೆ ಕುದಿಯುವುದಿಲ್ಲ. ಬದಲಿಗೆ ಹೊಸ ಶಿಸ್ತು ಒಂದು ಬಂದಿದೆ: ಆ ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವವರ ಪಂಪ್ ಬೇಗ ಸಾಯುತ್ತದೆ.

ರೇಡಿಯೇಟರ್ ಕಥೆಯೂ ಹಾಗೇ. ಹಳೆಯದರಲ್ಲಿ ಫ್ಯಾನ್ ಬೆಲ್ಟ್‌ನಿಂದ ತಿರುಗುತ್ತಿತ್ತು. ಏರಿನಲ್ಲಿ ಗಾಡಿ ತೆವಳುವಾಗ ಎದುರು ಗಾಳಿ ಇಲ್ಲ, ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಈಗ ಫ್ಯಾನ್ ವಿದ್ಯುತ್ತಿನದು, ಬಿಸಿ ನೋಡಿ ತಾನೇ ತಿರುಗುತ್ತದೆ. ಕೂಲಂಟ್ ಒತ್ತಡದಲ್ಲಿದ್ದು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಹಾಗಾಗಿಯೇ ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವುದು ಈಗ ಮೊದಲಿಗಿಂತ ಅಪಾಯ.

ಗೇರ್ ಇಳಿಸುವಾಗ ಎರಡು ಸಲ ಕ್ಲಚ್ ಒತ್ತುವ, ನಡುವೆ ಒಂದು ರೇಸ್ ಕೊಡುವ ಕಲೆ ಈಗ ಬೇಕಿಲ್ಲ. ಹಲ್ಲುಗಳ ವೇಗ ಹೊಂದಿಸುವ ಸಿಂಕ್ರೋಮೆಶ್ ಉಂಗುರಗಳು ಆ ಕೆಲಸ ಮಾಡುತ್ತವೆ. ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಒಂದನೇ ಗೇರಿಗೆ ಅದು ಇರಲಿಲ್ಲ, ತಿರುವಿನಲ್ಲಿ ಒಂದಕ್ಕೆ ಇಳಿಸಲು ಹೋದರೆ ಕರ್‌ರ್ ಅನ್ನುತ್ತಿತ್ತು. ಚೋಕ್ ಎಳೆಯುವುದು, ಬೆಳಗಿನ ಚಳಿಗೆ ಹತ್ತು ನಿಮಿಷ ಎಂಜಿನ್ ಬಿಟ್ಟು ಚಾ ಕುಡಿಯುವುದು, ಇವೂ ಮುಗಿದ ಕಥೆ. ಅರ್ಧ ನಿಮಿಷ ಸಾಕು, ಆಮೇಲೆ ಮೆಲ್ಲಗೆ ಓಡಿಸಿದರೆ ಎಂಜಿನ್ ಬೇಗ ಬಿಸಿಯಾಗುತ್ತದೆ.

ಆದರೆ ಒಂದು ಹಳೇ ರೂಢಿಗೆ ಹೊಸ ಕಾರಣ ಸಿಕ್ಕಿದೆ. ಘಟ್ಟ ಹತ್ತಿದ ಮೇಲೆ ದೇವಿಮನೆ ದೇವಸ್ಥಾನದ ಎದುರು ನಿಲ್ಲಿಸಿ ಕೈ ಮುಗಿಯುವವರು ತಕ್ಷಣ ಎಂಜಿನ್ ಆಫ್ ಮಾಡದಿದ್ದರೆ ಒಳ್ಳೆಯದು. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಪುಟ್ಟ ಚಕ್ರ) ಇರುವ ಎಂಜಿನ್‌ನಲ್ಲಿ ಆ ಪುಟ್ಟ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದು, ಕೆಂಪಗೆ ಕಾದ ಹೊಗೆಯ ನಡುವೆ. ಅದರ ಬೇರಿಂಗನ್ನು ತಣ್ಣಗಿಡುವ ಆಯಿಲ್ ಎಂಜಿನ್ ನಿಂತ ಕೂಡಲೇ ನಿಲ್ಲುತ್ತದೆ. ಅರ್ಧ ಅಥವಾ ಒಂದು ನಿಮಿಷ ಐಡಲ್ ಬಿಟ್ಟು ಆಫ್ ಮಾಡಿ. ಆಫ್ ಮಾಡುವ ಮೊದಲು ಒಂದು ಸಲ ರೇಸ್ ಕೊಡುವವರು ಮಾತ್ರ ಆ ಚಾಳಿ ಬಿಡಬೇಕು.

ನೀರು, ಉಪ್ಪು, ಎಥನಾಲ್

ಮಳೆಗಾಲದಲ್ಲಿ ರಸ್ತೆಗೆ ನೀರು ಬಂದಾಗ ಹಳೇ ಡೀಸೆಲ್ ಜೀಪಿನಷ್ಟು ಧೈರ್ಯದ ಗಾಡಿ ಇರಲಿಲ್ಲ. ಅದರ ಡೀಸೆಲ್ ಪಂಪ್ ಪೂರ್ತಿ ಯಾಂತ್ರಿಕ. ಒಮ್ಮೆ ಸ್ಟಾರ್ಟ್ ಆದರೆ ಓಡಲು ಕರೆಂಟಿನ ಹಂಗಿಲ್ಲ. ಹಳೇ ಪೆಟ್ರೋಲ್ ಗಾಡಿಯಾದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ನಿಲ್ಲುತ್ತಿತ್ತು. ಕ್ಯಾಪ್ ತೆಗೆದು ಒರೆಸಿದರೆ ಮತ್ತೆ ಹೊರಡುತ್ತಿತ್ತು. ಹಾಗಾಗಿ ‘ನಿಂತರೆ ಮತ್ತೆ ಸ್ಟಾರ್ಟ್ ಮಾಡು’ ಎಂಬ ಅಭ್ಯಾಸ ಬಂದಿದೆ. ಹೊಸ ಗಾಡಿಯಲ್ಲಿ ಇದು ಲಕ್ಷ ರೂಪಾಯಿ ಮಟ್ಟದ ತಪ್ಪಾಗಬಹುದು. ಹಲವು ಕಾರುಗಳಲ್ಲಿ ಗಾಳಿ ಎಳೆಯುವ ಬಾಯಿ ಗ್ರಿಲ್ ಹಿಂದೆ ತಗ್ಗಿನಲ್ಲಿದೆ. ನೀರು ಅಲ್ಲಿಂದ ಸಿಲಿಂಡರ್‌ಗೆ ಹೋದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರಿನಲ್ಲಿ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿ ಹೊರತನ್ನಿ. ನೀರು ದಾಟಿ ಬಂದವರು ಹಳೆಯದಾಗಲಿ ಹೊಸದಾಗಲಿ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಹೋಗಿ ಒಣಗಿಸಬೇಕು. ಡ್ರಮ್ಮಿನಲ್ಲಿ ಹೊಕ್ಕ ನೀರು ಬೇಗ ಹೋಗುವುದಿಲ್ಲ.

ಕಾರವಾರದ ಉಪ್ಪುಗಾಳಿಯಲ್ಲಿ ಹಳೇ ಗಾಡಿಗಳ ತಳ ತಿಂದುಹೋಗುತ್ತಿತ್ತು. ಕಾಲಡಿ ರಸ್ತೆ ಕಾಣುವ ಟೆಂಪೋಗಳು ಎಷ್ಟಿರಲಿಲ್ಲ! ಹೊಸ ಗಾಡಿಯ ಬಾಡಿಯನ್ನು ಬಣ್ಣದ ಮೊದಲು ಪೂರ್ತಿ ಮುಳುಗಿಸಿ ವಿದ್ಯುತ್ ಹಾಯಿಸಿ ಪ್ರೈಮರ್ ಅಂಟಿಸುತ್ತಾರೆ. ಸತುವಿನ ಲೇಪದ ತಗಡನ್ನೂ ಬಳಸುತ್ತಾರೆ. ತಗಡು ಉಳಿಯುತ್ತದೆ. ಆದರೆ ತುಕ್ಕು ಈಗ ವೈರಿನ ಕನೆಕ್ಟರ್‌ಗಳಿಗೆ ಕೈಹಾಕುತ್ತದೆ. ಹಸಿರು ಕಿಲುಬು ಹಿಡಿದ ಒಂದು ಪಿನ್ ಸಾಕು, ಎಬಿಎಸ್ ದೀಪ ಹತ್ತಿ ಕೂರುತ್ತದೆ. ಬೀಚಿಗೆ ಹೋಗಿ ಬಂದ ಮೇಲೆ ಗಾಡಿಯ ಅಡಿಗೆ ಸಿಹಿನೀರು ಹೊಡೆಯುವುದು ಎಲ್ಲ ಕಾಲಕ್ಕೂ ಸಲ್ಲುವ ಕೆಲಸ.

ಈಗಿನ ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದು ಬೆರೆತಾಗ ಅದೇ ಗಾಳಿಗೆ ಇನ್ನಷ್ಟು ಪೆಟ್ರೋಲ್ ಬೇಕಾಗುತ್ತದೆ. ಹೊಸ ಗಾಡಿಯಲ್ಲಿ ಸೈಲೆನ್ಸರ್ ಬಳಿಯ ಆಕ್ಸಿಜನ್ ಸೆನ್ಸರ್ ಇದನ್ನು ಕಂಡು ಇಸಿಯುಗೆ ಹೇಳುತ್ತದೆ. ಕಾರ್ಬುರೇಟರ್ ಜೆಟ್‌ಗೆ ಹೇಳುವವರು ಯಾರೂ ಇಲ್ಲ, ಅದು ಹಳೇ ಅಳತೆಯಲ್ಲೇ ಸುರಿಯುತ್ತದೆ. ಆರ್‌ಎಕ್ಸ್ 100 ಅಥವಾ ಹಳೇ ಬುಲೆಟ್ ಇಟ್ಟುಕೊಂಡವರು ಎಂಜಿನ್ ಜಾಸ್ತಿ ಬಿಸಿಯಾಗುತ್ತಿದೆಯೇ ನೋಡಬೇಕು. ಬೇಕಿದ್ದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಸಬೇಕು. ಹಳೇ ರಬ್ಬರ್ ಪೈಪುಗಳನ್ನು ಬದಲಿಸಬೇಕು. ಎಥನಾಲ್ ನೀರನ್ನೂ ಹೀರುತ್ತದೆ. ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿಯೇ ನಿಲ್ಲಿಸಿ.

‘ಆಗಿನ ತಗಡು ಎಷ್ಟು ಗಟ್ಟಿ!’

ಈ ಮಾತು ಕೇಳದ ಹೊಟೆಲ್ಲಿಲ್ಲ. ತಗಡು ಗಟ್ಟಿ ಇದ್ದುದು ಹೌದು. ಅದೇ ತೊಂದರೆ. ಗುದ್ದಿದಾಗ ಗಾಡಿ ಮುದುಡದಿದ್ದರೆ ಆ ಪೆಟ್ಟು ಒಳಗೆ ಕೂತವರ ಮೈಗೆ ಹೋಗುತ್ತದೆ. ಹೊಸ ಗಾಡಿಯ ಮೂತಿ ಬೇಕೆಂದೇ ಮುದುಡುತ್ತದೆ, ಜನ ಕೂರುವ ಗೂಡು ಮುದುಡುವುದಿಲ್ಲ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ರಸ್ತೆ ಸುರಕ್ಷತಾ ಸಂಸ್ಥೆ 1959ರ ಶೆವರ್ಲೆ ಬೆಲ್ ಏರ್ ಕಾರನ್ನು 2009ರ ಶೆವರ್ಲೆ ಮಾಲಿಬುಗೆ ಎದುರುಬದುರು ಗುದ್ದಿಸಿ ನೋಡಿತು. ಹಳೇ ಕಾರಿನ ಸ್ಟೇರಿಂಗು ಡ್ಯಾಶ್‌ಬೋರ್ಡು ಚಾಲಕನ ಬೊಂಬೆಯ ಮೇಲೇ ಬಂದು ಬಿದ್ದವು. ಹೊಸ ಕಾರಿನ ಬೊಂಬೆಗೆ ಕಾಲಿಗೆ ಸಣ್ಣ ಪೆಟ್ಟು. ಹೊಸದು ಎಂದ ಮಾತ್ರಕ್ಕೆ ಸುರಕ್ಷಿತ ಎಂದೂ ಅಲ್ಲ. 2014ರಲ್ಲಿ, ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷಿಸಿದ ನಮ್ಮ ದೇಶದ ಐದು ಜನಪ್ರಿಯ ಮಾದರಿಗಳಿಗೆ ದೊಡ್ಡವರ ರಕ್ಷಣೆಯಲ್ಲಿ ಒಂದು ಸ್ಟಾರೂ ಬರಲಿಲ್ಲ. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಇದೆ. ಕೊಳ್ಳುವ ಮೊದಲು ನೋಡಿ.

ಮೆಕ್ಯಾನಿಕ್ ಕೈ, ಸ್ಕ್ಯಾನರ್ ಕಣ್ಣು

ಹಳೇ ಗಾಡಿಯ ನಿಜವಾದ ಸುಖ ಇದು: ಎಲ್ಲಿ ನಿಂತರೂ ಯಾರಾದರೂ ಓಡಿಸಿಕೊಡುತ್ತಿದ್ದರು. ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿ ಹೊತ್ತಿಸುವ ಪಾಯಿಂಟುಗಳ ನಡುವಿನ ಗ್ಯಾಪ್ 0.4 ಮಿ.ಮೀ. ಆಸುಪಾಸು ಇರಬೇಕು. ಅಳೆಯುವ ಗೇಜ್ ಇಲ್ಲದಿದ್ದರೆ ಯಾರದೋ ಜೇಬಿನ ವಿಸಿಟಿಂಗ್ ಕಾರ್ಡೇ ಗೇಜ್. ಬ್ಯಾಟರಿ ಸತ್ತರೆ ತಳ್ಳಿ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರಾಯಿತು. ಈಗ ಬ್ಯಾಟರಿ ಪೂರ್ತಿ ಸತ್ತರೆ ಇಸಿಯುವೂ ಇಲ್ಲ, ಪೆಟ್ರೋಲ್ ಪಂಪೂ ಇಲ್ಲ. ತಳ್ಳಿದವರಿಗೆ ಬೆವರು ಮಾತ್ರ. ಕೀಲಿಯಲ್ಲಿರುವ ಚಿಪ್ ಹಾಳಾದರೂ ಗಾಡಿ ಮಾಲೀಕನನ್ನೇ ಕಳ್ಳ ಎಂದುಕೊಳ್ಳುತ್ತದೆ. ಎಷ್ಟೋ ಸಲ ಹುಬ್ಬಳ್ಳಿಗೆ ಹೊತ್ತೊಯ್ಯುವುದೇ ಗತಿ.

ಹಾಗಂತ ಇಸಿಯು ಕೊಡುವ ದೋಷದ ಕೋಡ್ ಓದುವ ಸ್ಕ್ಯಾನರ್ ಮಂತ್ರದಂಡವೂ ಅಲ್ಲ. ಪಿ0171 ಎಂಬ ಕೋಡ್ ಬಂತು ಎನ್ನಿ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂದಷ್ಟೇ ಅದರ ಅರ್ಥ. ಯಾಕೆ ಅಂತ ಅದು ಹೇಳುವುದಿಲ್ಲ. ಆಕ್ಸಿಜನ್ ಸೆನ್ಸರ್ ಬದಲಿಸಿ ಸಾವಿರಗಟ್ಟಲೆ ಬಿಲ್ ಮಾಡುವವರಿದ್ದಾರೆ. ಬಿರುಕು ಬಿಟ್ಟ ಒಂದು ರಬ್ಬರ್ ಪೈಪಿನಿಂದ ಗಾಳಿ ನುಸುಳುತ್ತಿರುವುದನ್ನು ಕಿವಿಯಿಂದಲೇ ಹಿಡಿಯುವವರೂ ಇದ್ದಾರೆ. ಶಿರಸಿಯಲ್ಲೂ ಅಂಥ ಕಿವಿಗಳು ಇನ್ನೂ ಇವೆ. ಕೋಡ್ ಓದುವ ಸಣ್ಣ ಬ್ಲೂಟೂತ್ ಸಾಧನವನ್ನು ನೀವೇ ಕೊಂಡು ಮೊಬೈಲಿನಲ್ಲಿ ನೋಡಿಕೊಂಡು ಅಂಥವರ ಬಳಿ ಹೋಗಿ.

ತಾನೇ ನೋಡುವ ಗಾಡಿ, ಕರೆಂಟಿನ ಗಾಡಿ

ಅಡಾಸ್ (ಓಡಿಸುವವರಿಗೆ ನೆರವಾಗುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇರುವ ಕಾರುಗಳು ಕ್ಯಾಮೆರಾ ಮತ್ತು ರೇಡಾರ್‌ನಿಂದ ರಸ್ತೆ ನೋಡುತ್ತವೆ. ಚತುಷ್ಪಥ ಹೆದ್ದಾರಿ 66ರಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಘಟ್ಟದಲ್ಲಿ ಬಿಳಿ ಗೆರೆ ಅರ್ಧ ಮಾಸಿರುತ್ತದೆ, ಉಳಿದರ್ಧದ ಮೇಲೆ ಮಣ್ಣು, ಮೇಲಿಂದ ಮಂಜು. ಸಾಲದ್ದಕ್ಕೆ ತಿರುವಿನಲ್ಲಿ ಬಸ್ಸು ನಮ್ಮ ಪಾಲಿನ ರಸ್ತೆಗೇ ಬಂದು ತಿರುಗುತ್ತದೆ. ಅಣಶಿ ಘಟ್ಟದಲ್ಲೋ ದೇವಿಮನೆಯಲ್ಲೋ ಗಾಡಿ ತಾನಾಗೇ ಸ್ಟೇರಿಂಗ್ ಎಳೆಯುವುದು ಬೇಡವೇ ಬೇಡ. ಲೇನ್ ಅಸಿಸ್ಟ್ ಆಫ್ ಮಾಡಿ. ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕೆಂಬ ನಿಯಮ ಅದಕ್ಕೆ ಗೊತ್ತಿಲ್ಲ. ನಮ್ಮವರಿಗೂ ಮರೆತುಹೋಗಿದೆ, ಅದು ಬೇರೆ ಮಾತು.

ಘಟ್ಟಕ್ಕೆ ನಿಜಕ್ಕೂ ಹೊಂದುವ ಹೊಸ ವಿದ್ಯೆ ಎಂದರೆ ಎಲೆಕ್ಟ್ರಿಕ್ ಕಾರಿನದು. ಎಕ್ಸಿಲರೇಟರ್ ಬಿಟ್ಟಾಗ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಹಿಡಿಯುತ್ತದೆ. ಡ್ರಮ್ಮು ಕಾಯಿಸುತ್ತಿದ್ದ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಜನ ಸೇರಿ 1600 ಕಿಲೋ ತೂಗುವ ಕಾರು 400 ಮೀಟರ್ ಇಳಿದರೆ ಒಟ್ಟು ಸುಮಾರು 1.7 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಪೂರ್ತಿ ವಾಪಸ್ ಸಿಗದಿದ್ದರೂ ಒಳ್ಳೇ ಪಾಲು ಸಿಗುತ್ತದೆ. ಆದರೆ ಶಿರಸಿಯಲ್ಲಿ ರಾತ್ರಿಯಿಡೀ 100% ಚಾರ್ಜ್ ಮಾಡಿ ಬೆಳಿಗ್ಗೆ ಘಟ್ಟ ಇಳಿಯಲು ಹೊರಡಬೇಡಿ. ತುಂಬಿದ ಬ್ಯಾಟರಿಯಲ್ಲಿ ಇನ್ನಷ್ಟು ತುಂಬಲು ಜಾಗ ಇಲ್ಲ. ಹಲವು ಗಾಡಿಗಳು ಆಗ ಮೋಟಾರಿನ ಹಿಡಿತವನ್ನು ಕಡಿಮೆ ಮಾಡುತ್ತವೆ, ಮತ್ತೆ ಎಲ್ಲ ಭಾರ ಮಾಮೂಲಿ ಬ್ರೇಕಿನ ಮೇಲೆ. 85 ಅಥವಾ 90ಕ್ಕೆ ನಿಲ್ಲಿಸಿ. ವಾಪಸ್ ಬರುವಾಗ ಇನ್ನೊಂದು ಲೆಕ್ಕ ಇದೆ. ಕುಮಟಾದಲ್ಲಿ ಡ್ಯಾಶ್‌ಬೋರ್ಡ್ ತೋರಿಸುವ ರೇಂಜ್ ಹೆಚ್ಚಾಗಿ ನೀವು ಆಗಷ್ಟೇ ಇಳಿದು ಬಂದ ರಸ್ತೆಯ ಖರ್ಚನ್ನು ನೋಡಿ ಹೇಳಿದ್ದು. ಶಿರಸಿಯ ಎತ್ತರಕ್ಕೆ ಹತ್ತಲು ಸಮತಟ್ಟು ರಸ್ತೆಗಿಂತ ಸುಮಾರು 3 ಯೂನಿಟ್ ಜಾಸ್ತಿ ಬೇಕು. ಆ ರೇಂಜ್‌ನಲ್ಲಿ 20 ಕಿ.ಮೀ. ಕಳೆದುಕೊಂಡೇ ಹೊರಡಿ.